ಗಾಳಿಯ ಮೇಲೆ ನಿಲ್ಲುವ ಸವತಿ

ಮದುವೆಯಾದ ಮೊದಲ ವರ್ಷವೇ ನನಗೊಬ್ಬ ಸವತಿ ಬಂದಳು. ಕರಿ ಬಣ್ಣ, ಉದ್ದ ಮೂತಿ, ಒಳಗೆಲ್ಲ ಮೆತ್ತನೆಯ ಚರ್ಮದ ಹಾಸು. ಬೈಲಹೊಂಗಲದಲ್ಲಿ ನಮ್ಮ ಮನೆ, ಇವರ ಗ್ಯಾರೇಜು ಎರಡೂ ಒಂದೇ ಅಂಗಳದಲ್ಲಿ. ಹಾಗಾಗಿ ಅವಳು ಬಂದು ನಿಂತದ್ದು ನನ್ನ ಅಡುಗೆಮನೆಯ ಕಿಟಕಿಯ ಎದುರಿಗೇ. ನಿಂತಳು ಅನ್ನುವುದೂ ತಪ್ಪು, ಕುಂತಳು ಅನ್ನಬೇಕು. ಎಡಗಡೆಯ ಹಿಂಭಾಗ ಚಕ್ರದ ಮೇಲೆ ಪೂರಾ ಕುಸಿದಿತ್ತು.

ಆಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಊರಿನ ಹತ್ತಿ ಸಾಹುಕಾರರೊಬ್ಬರು ಮುಂಬಯಿಯ ಯಾರೋ ಶ್ರೀಮಂತರು ಬಳಸಿಬಿಟ್ಟಿದ್ದ ಹಳೆಯ ಪರದೇಶದ ಕಾರನ್ನು ತಂದಿದ್ದರು. ಅದಕ್ಕೆ ಬೇರೆ ಗಾಡಿಗಳಂತೆ ಎಲೆಯಂಥ ಉಕ್ಕಿನ ಪಟ್ಟಿಗಳನ್ನು ಪೇರಿಸಿದ, ಭಾರ ಹೊರುವ ಪಾಟಾ ಇರಲಿಲ್ಲ. ಪ್ರತಿ ಚಕ್ರದ ಮೇಲೆ ಒಂದೊಂದು ರಬ್ಬರಿನ ಚೀಲ. ಎಂಜಿನ್ ಶುರುವಾದರೆ ಒಂದು ಸಣ್ಣ ಪಂಪು ಆ ಚೀಲಗಳಿಗೆ ಗಾಳಿ ತುಂಬಿ ಇಡೀ ಕಾರನ್ನು ಎತ್ತಿ ಹಿಡಿಯುತ್ತಿತ್ತು. ಎಲ್ಲಿಯೋ ಗಾಳಿ ಸೋರುತ್ತಿದೆ, ಹುಡುಕಬೇಕು ಅಂತ ನಮ್ಮವರಿಗೆ ತಂದೊಪ್ಪಿಸಿದ್ದರು. ಇವರಂತೂ ಅದನ್ನು ಕಂಡ ಗಳಿಗೆಯಿಂದ ಊಟ ಮರೆತರು. ನನ್ನನ್ನು ಮರೆತದ್ದನ್ನು ಬೇರೆ ಹೇಳಬೇಕಾಗಿಲ್ಲ.

ಪಂಚಮಿ ಎದುರಿಗೇ ಇತ್ತು. ನನ್ನ ತವರು ರಾಮದುರ್ಗ. ಮದುವೆಯಾದ ಮೊದಲ ಪಂಚಮಿಗೆ ಅಣ್ಣ ಬಂದು ಕರೆದೊಯ್ಯಬೇಕು. ನಮ್ಮ ಮನೆಯ ಪದ್ಧತಿಯಲ್ಲಿ ಹೊಸ ಅಳಿಯನೂ ಜೊತೆಗೆ ಬಂದು, ಓಣಿಯ ಹೆಂಗಸರೆಲ್ಲ ನೋಡುತ್ತಿರುವಾಗ ಹೆಂಡತಿಯ ಜೋಕಾಲಿ ತೂಗಬೇಕು. ನನ್ನಕ್ಕನ ಗಂಡ ಕಿತ್ತೂರಿನಿಂದ ಬಂದು ತೂಗಿದ ಸಂಗತಿಯನ್ನು ಅವಳು ಇನ್ನೂ ಸಿಕ್ಕಸಿಕ್ಕವರ ಮುಂದೆ ಹೇಳುತ್ತಿದ್ದಳು. ನಾನು ಒಬ್ಬಳೇ ಹೋಗಿ ಇಳಿದರೆ ಅಕ್ಕನ ಮುಖ ಹೇಗೆ ಅರಳುತ್ತದೆಂದು ನನಗೆ ಗೊತ್ತಿತ್ತು. ಆ ಮುಖ ನೋಡುವುದಕ್ಕಿಂತ ಹೋಗದಿರುವುದೇ ವಾಸಿ ಅನ್ನಿಸಿತ್ತು.

ಇವರು ಮಾತ್ರ ಬೆಳಿಗ್ಗೆ ಎದ್ದವರೇ ಗಡ್ಡ ಬೋಳಿಸುವ ಬ್ರಶ್ಶು ಹಿಡಿದು ಕಾರಿನ ಕೆಳಗಿನ ಗುಂಡಿಗೆ ಇಳಿದುಬಿಡುತ್ತಿದ್ದರು. ಸಾಬೂನಿನ ನೊರೆ ಮಾಡಿ ರಬ್ಬರಿನ ಚೀಲಕ್ಕೆ, ನಳಿಗೆಯ ಪ್ರತಿಯೊಂದು ಕೂಡಿಗೆಗೆ ಹಚ್ಚುವುದು. ಎಲ್ಲಿ ಗುಳ್ಳೆ ಎದ್ದರೆ ಅಲ್ಲಿ ತೂತು. ಒಂದು ದಿನ ನೊರೆಯ ವಾಸನೆ ಕಿಟಕಿಯೊಳಗೆ ಬಂತು. ಹೋಗಿ ನೋಡಿದರೆ ನನ್ನವ್ವ ಕಳಿಸಿದ್ದ ಗಂಧದ ಸಾಬೂನು.

“ಅರಿವಿ ಒಗ್ಯೂ ಸಾಬೂನು ಇರ್ಲಿಲ್ಲೇನ್ರಿ?” ಅಂದೆ.

“ಅದರ ನೊರಿ ದಪ್ಪ. ಇದರದು ನೋಡು, ಎಷ್ಟು ಸಣ್ಣಗ ಬರತೈತಿ” ಅಂದರು, ತಲೆ ಕೂಡ ಎತ್ತಲಿಲ್ಲ.

ನಾನು ಹಬ್ಬಕ್ಕೆ ಅಂತ ಎತ್ತಿಟ್ಟಿದ್ದ ಸಾಬೂನಿನಿಂದ ಅವಳಿಗೆ ಸ್ನಾನ. ಮೈಯೆಲ್ಲ ಉರಿದುಹೋಯಿತು. ಅದೂ ಸಾಲದೆಂದು ರಬ್ಬರಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ನಾನು ಎದುರಿಗೆ ಕುಂತು ತವರಿನ ಸುದ್ದಿ ಹೇಳಿದರೆ ಹೂಂ ಅನ್ನುವುದಕ್ಕೂ ಸೋಮಾರಿಯಾದ ಮನುಷ್ಯ ಇವರು.

ಒಂದು ಕೂಡಿಗೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಬಿಗಿ ಮಾಡಿ, ಹೊರಗಿನಿಂದ ಗಾಳಿ ತುಂಬಿದರು. ಕಾರು ಎದ್ದಿತು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಕುಂತಿತು. ಎಡಗಡೆಯ ಚೀಲ ಬಿಚ್ಚಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರು. ಆಗಲೂ ಎಡವೇ ಕುಸಿಯಿತು. ಅಂದರೆ ಚೀಲದ ತಪ್ಪಲ್ಲ. ತಾಟಿನ ಮುಂದೆ ಕುಂತು, ರೊಟ್ಟಿ ಮುರಿಯದೆ, “ಹಂಗಾದ್ರ ಗಾಳಿ ಎಲ್ಲಿ ಹೋಗಾಕಹತ್ತೈತಿ?” ಅಂದರು.

“ನನ್ನ ತಲ್ಯಾಗ” ಅಂದೆ. ಅದೂ ಕೇಳಿಸಲಿಲ್ಲ.

ಅಣ್ಣ ಬಂದ. ಮರುದಿನ ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಅಂತ ಆಯಿತು. ಇವರು ಅಣ್ಣನ ಎದುರಿಗೇ, “ಗಾಡಿ ಎದ್ದು ನಿಂತ್ರ ಬರತೇನಿ. ಇಲ್ಲಂದ್ರ ನೀವಿಬ್ರೂ ನಡೀರಿ” ಅಂದುಬಿಟ್ಟರು. ಅಣ್ಣ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ತಿರುಗಿದೆ.

ಮರುದಿನ ಇವರು ಎಂಜಿನ್ ಬಂದ್ ಮಾಡದೆ, ಯಾವುದೋ ವಾಶರು ತರಲು ಪ್ಯಾಟಿಗೆ ಹೋದರು. ನಾನು ಗುಂಡಿಗೆ ಇಳಿದೆ. ಯಾಕೆ ಅಂದರೆ ಏನು ಹೇಳಲಿ, ಇಷ್ಟು ದಿನ ನನ್ನ ಗಂಡ ಮುಖ ಮಾಡಿ ಕುಂತಿದ್ದ ಜಾಗದಲ್ಲಿ ಅಂಥಾದ್ದೇನಿದೆ ಅಂತ ನೋಡಬೇಕಿತ್ತು. ಎಡ ಚಕ್ರದ ಹತ್ತಿರ ಕಣ್ಣಿಗೆ ಬಿತ್ತು: ಕರಿ ದಾರ, ಬಿಬ್ಬಿಕಾಯಿ, ಇದ್ದಲಿ, ಮೆಣಸಿನಕಾಯಿ, ಇನ್ನೂ ಹಳದಿ ಮಾಸದ ಲಿಂಬೆ. ಎಲ್ಲವನ್ನೂ ಕಬ್ಬಿಣದ ತಂತಿಯಿಂದ ಒಂದು ಸಣ್ಣ ಸರಳಿಗೆ ಬಿಗಿದು ಸುತ್ತಿದ್ದರು.

ದೃಷ್ಟಿ ಕಟ್ಟಿದ್ದಾರೆ, ಈ ತಗಡಿಗೆ. ನನಗೆ ಮದುವೆಯ ದಿನ ಗಲ್ಲಕ್ಕೊಂದು ಕಾಡಿಗೆಯ ಚುಕ್ಕೆ ಇಟ್ಟದ್ದೇ ಕೊನೆ, ಆಮೇಲೆ ಯಾರಿಗೂ ನನ್ನ ಚಿಂತೆ ಇರಲಿಲ್ಲ. ಇವಳಿಗೆ ಯಾರ ಕಣ್ಣು ಬಿದ್ದೀತೆಂದು ಹೆದರಿದ್ದಾರೆ? ನನ್ನದೇ ಇರಬೇಕು. ಬಿದ್ದರೆ ಬೀಳಲಿ ಅಂದುಕೊಂಡು ಇವರ ಇಕ್ಕಳದಿಂದ ತಂತಿ ಕತ್ತರಿಸಿ, ಎಲ್ಲವನ್ನೂ ಕಿತ್ತು ಗುಂಡಿಯೊಳಗೆ ಒಗೆದೆ.

ಸರಳು ಟಕ್ಕನೆ ಸಡಿಲಾಯಿತು. ಎಲ್ಲೋ ಸುಯ್ ಅನ್ನುತ್ತಿದ್ದದ್ದು ನಿಂತಿತು. ಆಮೇಲೆ ನನ್ನ ತಲೆಯ ಮೇಲೆ ಕುಸಿದಿದ್ದ ಕಾರು ಮೆಲ್ಲಗೆ ಮೇಲೇಳತೊಡಗಿತು. ನಾನು ಚೀರಿದ್ದು ಓಣಿಯ ಆಚೆಗೂ ಕೇಳಿಸಿತಂತೆ.

ಓಡಿ ಬಂದ ಇವರು ಮೊದಲು ನೋಡಿದ್ದು ಕಾರನ್ನು. ಆಮೇಲೆ ಗುಂಡಿಗೆ ಇಳಿದು ಸರಳು ಮುಟ್ಟಿ ನೋಡಿ, ತಲೆ ಚಚ್ಚಿಕೊಂಡರು. ಕಾರು ಎಷ್ಟು ಎತ್ತರಕ್ಕಿದೆ ಅಂತ ಅಳೆಯುವುದೇ ಆ ಸರಳಿನ ಕೆಲಸ. ತಂತಿ ಅದನ್ನು ಒಂದೇ ಕಡೆ ಜಗ್ಗಿ ಹಿಡಿದಿತ್ತು. ಕಾರು ಅತಿ ಎತ್ತರಕ್ಕೆ ಎದ್ದಿದೆ ಎಂದು ತಿಳಿದು, ಗಾಳಿ ಬಿಡುವ ಬಾಯಿ ಸದಾ ತುಸು ತೆರೆದೇ ಇತ್ತು. ಆ ಬಾಯಿ ಚೌಕಟ್ಟಿನ ಒಳಗಡೆ, ಬ್ರಶ್ಶು ಮುಟ್ಟದ ಜಾಗದಲ್ಲಿ. ನಾಗರ ಅಮಾವಾಸ್ಯೆಯ ದಿನ ಸಾಹುಕಾರರ ತಾಯಿ ಕಟ್ಟಿಸಿದ್ದು, ಮರುದಿನದಿಂದಲೇ ಕಾರು ಕುಂತದ್ದು.

“ಇಷ್ಟು ದಿನ ಇದು ನಿಮಗ ಕಾಣಲಿಲ್ಲೇನ್ರಿ?”

“ಕಂಡಿತ್ತು. ಗಿರಾಕಿ ಕಟ್ಟಿದ ದೃಷ್ಟಿಗೆ ನಾವು ಕೈ ಹಚ್ಚೂದಿಲ್ಲ. ನಮ್ಮ ಉಸ್ತಾದ ಮೊದಲ ಕಲಿಸಿದ್ದ ಅದನ್ನ.”

ದಿನಾ ಅದಕ್ಕೆ ಕೈ ಮುಗಿದು, ಅದರ ಸುತ್ತ ಬ್ರಶ್ಶು ಆಡಿಸಿದ್ದರಂತೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಸುದ್ದಿ ಕೇಳಿ ಸಾಹುಕಾರರು ಬಂದರು. ಸುತ್ತ ತಿರುಗಿ ನೋಡಿ ಖುಷಿಯಾಗಿ, “ಮಿಸ್ತ್ರಿ, ಇದರಾಗ ರಾಮದುರ್ಗಕ್ಕ ಹೋಗಿ ಬರ್ರಿ. ಮಾವನ ಮನಿಗೆ ಹೋದಂಗೂ ಆತು, ಗಾಡಿ ಪರೀಕ್ಷಾ ಮಾಡಿದಂಗೂ ಆತು” ಅಂದರು. ಇವರ ಮುಖ ನೋಡಬೇಕಿತ್ತು ಆಗ. ನನ್ನ ಮದುವೆಯ ಮಂಟಪದಲ್ಲೂ ಆ ಕಳೆ ಇರಲಿಲ್ಲ.

“ನಾ ಬಸ್ಸಿಗೆ ಹೋಗತೇನಿ” ಅಂದೆ. “ಅದರಾಗ ಕುಂಡ್ರೂದಿಲ್ಲ.”

ಇವರು ಕಾರು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾರು ನೋಡಿದರು. ಅಣ್ಣ ಟ್ರಂಕು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಕೊನೆಗೆ ಇವರು ಕೈ ತೊಳೆದುಕೊಂಡು ಒಳಗೆ ಹೋಗಿ, ಮದುವೆಯ ಅಂಗಿ ಹಾಕಿಕೊಂಡು ಬಂದರು.

ಬಸ್ಸಿನಲ್ಲಿ ಇವರು ನನ್ನ ಮಗ್ಗುಲಿಗೆ, ಅಣ್ಣ ಮುಂದಿನ ಸೀಟಿನಲ್ಲಿ. ನಾನು ಗೆದ್ದಿದ್ದೆ. ಕರಿ ಸವತಿ ಅಂಗಳದಲ್ಲೇ ಉಳಿದಿದ್ದಳು. ಅಕ್ಕ ಏನನ್ನುತ್ತಾಳೆ, ಯಾವ ಸೀರೆ ಉಟ್ಟು ಜೋಕಾಲಿ ಏರಲಿ ಅಂತೆಲ್ಲ ಲೆಕ್ಕ ಹಾಕುತ್ತ ಕುಂತೆ. ಸವದತ್ತಿ ಹತ್ತಿರ ಬಂದಾಗ, ನಾನು ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಕೈಯ ಮೇಲೆ ಇವರು ಮೆಲ್ಲಗೆ ತಮ್ಮ ಕೈ ಇಟ್ಟರು. ಮಂದಿಯ ಎದುರಿಗೆ ಹಾಗೆ ಮಾಡಿದ್ದು ಅದೇ ಮೊದಲು. ಸೀರೆಯ ಲೆಕ್ಕ ಬಿಟ್ಟು ಇವರ ಕಡೆ ತಿರುಗಿದೆ. ಕಣ್ಣು ಮುಚ್ಚಿ ಏನನ್ನೋ ಆಲಿಸುತ್ತಿದ್ದರು.

“ಈ ಕಂಬಿ ನಡುಕ ನಿನಗೂ ತಿಳೀತೈತಿಲ್ಲೋ?” ಅಂದರು. “ಈ ಬಸ್ಸಿನ ಹಿಂದಿನ ಪಾಟಾದಾಗ ಒಂದು ಎಲಿ ಮುರದೈತಿ. ಇಳದು ಡ್ರೈವರಗ ತೋರಿಸಿ ಬರತೇನಿ. ನನ್ನ ಜಾಗಾ ಹಿಡದಿರು.”

ಸವದತ್ತಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತದ್ದೇ ತಡ, ಇಳಿದು ಓಡಿದರು. ಕಿಟಕಿಯಿಂದ ಬಗ್ಗಿ ನೋಡಿದರೆ, ಮದುವೆಯ ಅಂಗಿಯಲ್ಲೇ ಬಸ್ಸಿನ ಕೆಳಗೆ ಅರ್ಧ ಮೈ ತೂರಿಸಿದ್ದರು. ಅಷ್ಟರಲ್ಲಿ ದೇವಿಯ ಗುಡ್ಡದಿಂದ ಇಳಿದ ಮಂದಿ ಬಸ್ಸಿಗೆ ನುಗ್ಗಿದರು. ಒಬ್ಬ ಮುದುಕಿ ಬುಟ್ಟಿ ಹಿಡಿದು ನನ್ನ ಹತ್ತಿರ ಬಂದು, “ಯವ್ವಾ, ಇಲ್ಲಿ ಯಾರರ ಅದಾರೇನು?” ಅಂದಳು.

“ಯಾರೂ ಇಲ್ಲಬೇ” ಅಂದೆ. “ಕುಂಡ್ರು.”