ಪ್ರಿಪೋಸಿಷನ್ನಿಗೆ ನಾನು ಕೊಟ್ಟ ದನಿ

1975ರ ಜೂನ್‌ನಲ್ಲಿ ನಾನು ಚಿತ್ತಾಪುರದ ಒಂದು ಖಾಸಗಿ ಪ್ರೌಢಶಾಲೆಗೆ ಇಂಗ್ಲಿಷ್ ಶಿಕ್ಷಕನಾಗಿ ಸೇರಿದೆ. ಒಂದು ವರ್ಷದ ತಾತ್ಕಾಲಿಕ ಹುದ್ದೆ, ವಯಸ್ಸು ಇಪ್ಪತ್ಮೂರು. ಬಿ.ಎ.ಯಲ್ಲಿ ಇಂಗ್ಲಿಷಿಗೆ ಬಂದ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಅಣಕು. ಯಾರ ಜತೆ ಹತ್ತು ನಿಮಿಷ ಕೂತರೂ ಅವರ ದನಿ, ಕೆಮ್ಮು, ಮೂಗೇರಿಸುವ ರೀತಿ ನನ್ನ ಗಂಟಲಿಗೆ ಬಂದು ಕೂರುತ್ತಿತ್ತು.

ಎಸ್.ಎಸ್.ಎಲ್.ಸಿ. ಪತ್ರಿಕೆಯಲ್ಲಿ ಹುಡುಗರನ್ನು ಕೆಡವುತ್ತಿದ್ದ ಪ್ರಶ್ನೆಯೊಂದಿತ್ತು: ಒಂದೇ ಪದವನ್ನು ಬೇರೆ ಬೇರೆ ಪದಜಾತಿಯಾಗಿ ಬಳಸಿ ತೋರಿಸಬೇಕು. ‘ಬಿಫೋರ್’ ಎಂಬ ಪದವನ್ನೇ ನೋಡಿ. ‘ಬಿಫೋರ್ ದಿ ಡೋರ್’ ಎಂದಾಗ ಅದು ನಾಮಪದದ ಮುಂದೆ ನಿಂತ ಪ್ರಿಪೋಸಿಷನ್. ‘ಐ ಸಾ ಹಿಮ್ ಬಿಫೋರ್’ ಎಂದಾಗ ಅದರ ಆಚೆ ನಾಮಪದವೇ ಇಲ್ಲ. ಕ್ರಿಯಾಪದಕ್ಕೆ ಅಂಟಿಕೊಂಡ ಅಡ್ವರ್ಬ್. ‘ವಾಶ್ ಯುವರ್ ಹ್ಯಾಂಡ್ಸ್ ಬಿಫೋರ್ ಯು ಈಟ್’ ಎಂದಾಗ ಎರಡು ವಾಕ್ಯಗಳನ್ನು ಬೆಸೆಯುವ ಕಂಜಂಕ್ಷನ್. ಪದ ಒಂದೇ, ನಿಂತ ಜಾಗದಿಂದ ಕೆಲಸ ಬೇರೆ. ಹುಡುಗರು ಇದನ್ನು ಬಾಯಿಪಾಠ ಮಾಡಿ ಸೋಮವಾರ ಒಪ್ಪಿಸಿ ಮಂಗಳವಾರ ಮರೆಯುತ್ತಿದ್ದರು.

ನಾನೊಂದು ಉಪಾಯ ಮಾಡಿದೆ. ಒಂದೊಂದು ಪದಜಾತಿಗೂ ನಮ್ಮ ಶಾಲೆಯ ಒಬ್ಬರ ದನಿ ಕೊಟ್ಟೆ. ಜಗಳಾಡುವ ಶಿಕ್ಷಕರನ್ನು ಕೂಡಿಸುತ್ತಿದ್ದ ಹೆಡ್‌ಮಾಸ್ತರರು ಕಂಜಂಕ್ಷನ್. ಎರಡು ಕೆಮ್ಮು, ಆಮೇಲೆ ಮಾತು. ಎಲ್ಲಿ ಬೇಕಾದರೂ ನುಗ್ಗಿ ಕೂರುವ, ಇಲ್ಲದಿದ್ದರೂ ವಾಕ್ಯಕ್ಕೆ ನಷ್ಟವಿಲ್ಲದ ಅಡ್ವರ್ಬ್ ನಾನೇ. ಇನ್ನು ಹೆಡ್‌ಮಾಸ್ತರ್ ಸಾಹೇಬರ ಕೋಣೆಯ ಮುಂದೆ ಸದಾ ನಿಂತಿರುತ್ತಿದ್ದ ಜವಾನ ಭೀಮರಾಯ ಪ್ರಿಪೋಸಿಷನ್. ಅವನು ಮಾತನ್ನು ಎಳೆಯುತ್ತಿದ್ದ. ‘ಒಳಗ ಸಾಹೇಬ್ರದಾರ್ರೀ... ಜರಾ ತಡೀರೀ...’ ಎಂದು ನಾನು ಬಾಗಿ ಹೇಳಿದರೆ ಮಕ್ಕಳು ಬೆಂಚು ಬಡಿಯುತ್ತಿದ್ದರು. ಆ ತಿಂಗಳ ಕಿರುಪರೀಕ್ಷೆಯಲ್ಲಿ ಎಲ್ಲರೂ ಆ ಪ್ರಶ್ನೆ ಸರಿ ಬರೆದರು. ನಾನು ಕಾಲರ್ ಎತ್ತಿಕೊಂಡು ತಿರುಗಾಡಿದೆ.

ಭೀಮರಾಯನಿಗೆ ಆಗ ಮೂವತ್ತಾರು. ನನಗಿಂತ ಹದಿಮೂರು ವರ್ಷ ದೊಡ್ಡವನು, ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ಇಂಗ್ಲಿಷಿನಲ್ಲಿ ಮಾತ್ರ ನಪಾಸಾಗಿ, ಮೂರನೆಯ ಸಲ ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದ. ಶಾಲೆಯ ಕ್ಲರ್ಕ್ ಮುಂದಿನ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಪಾಸಾದರೆ ಆ ಕುರ್ಚಿ ನಿನಗೇ ಎಂದು ಆಡಳಿತ ಮಂಡಳಿ ಹೇಳಿತ್ತು. ಹೆಡ್‌ಮಾಸ್ತರರ ಅನುಮತಿಯಿಂದ, ಗಂಟೆ ಹೊಡೆದು ಬಂದು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಮುಂದಿನ ಗಂಟೆಗೆ ಎರಡು ನಿಮಿಷ ಮೊದಲು ಎದ್ದು ಹೋಗುತ್ತಿದ್ದ. ದನಿಗಳ ಪಾಠ ನಡೆದಾಗ ಮಾತ್ರ ಅವನು ವಾರಗಟ್ಟಲೆ ಕಚೇರಿ ಕೆಲಸದ ಮೇಲಿದ್ದ.

ಫೆಬ್ರವರಿಯ ಒಂದು ದಿನ ನಾನು ಅದೇ ಪಾಠವನ್ನು ಪುನರಾವರ್ತನೆ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಪ್ರಿಪೋಸಿಷನ್ ಎಂದು ಬರೆದು ಕೆಳಗೆ ಅವನ ಹೆಸರನ್ನೂ ಬರೆದಿದ್ದೆ. ಬಾಗಿ, ಎಳೆದು, ‘ಜರಾ ತಡೀರೀ’ ಎನ್ನುವಾಗ ಬಾಗಿಲಲ್ಲಿ ನೋಟಿಸ್ ಪುಸ್ತಕ ಹಿಡಿದು ಭೀಮರಾಯ ನಿಂತಿದ್ದ. ನಾನು ಅವನನ್ನು ಕಂಡೆ. ಕಂಡೂ ನಿಲ್ಲಿಸಲಿಲ್ಲ. ಅಸಲಿ ಎದುರಿಗಿದ್ದಾಗ ನಕಲು ಇನ್ನೂ ಚೆನ್ನಾಗಿ ಬರಲಿ ಎಂದು ಇನ್ನಷ್ಟು ಬಾಗಿದೆ. ಮಕ್ಕಳು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ ಉರುಳಾಡಿದರು. ಭೀಮರಾಯ ಪುಸ್ತಕಕ್ಕೆ ನನ್ನ ಸಹಿ ಪಡೆದು ಹೋದ.

ಮರುದಿನದಿಂದ ಕೊನೆಯ ಬೆಂಚು ಖಾಲಿ. ಗಂಟೆ ಮಾತ್ರ ಸರಿಯಾದ ಹೊತ್ತಿಗೆ ಆಗುತ್ತಿತ್ತು. ಹನ್ನೊಂದು ದಿನ ನಾನು ಸುಮ್ಮನಿದ್ದೆ. ಹನ್ನೆರಡನೆಯ ದಿನ ಸಂಜೆ ಅವನ ಮನೆಗೆ ಹೋದೆ.

“ಭೀಮರಾಯ, ಕ್ಲಾಸಿಗೆ ಯಾಕ ಬರವಲ್ಲಿ?”

“ನನ್ನ ಮಗಳು ಅದೇ ಸಾಲ್ಯಾಗ ಎಂಟನೇತ್ತ ಓದ್ತಾಳ್ರಿ ಸರ. ಅಕಿಗಿ ಹುಡುಗ್ರು ಪ್ರಿಪೋಸಿಷನ್ ಮಗಳು ಅಂತ ಕರೀಲಿಕತ್ತಾರ. ಅದರ ಅರ್ಥ ಏನಪ ಅಂತ ನನಗ ಕೇಳಿದಳು. ನಾ ಏನ್ ಹೇಳ್ಲಿರಿ?”

ನಾನು ಎರಡು ಸಲ ಕೆಮ್ಮಿ, “ನೋಡಪಾ, ಆದದ್ದು ಆಗಿಹೋಯ್ತು, ಇಬ್ಬರೂ ಕೂಡಿ...” ಎಂದೆ. ಅದು ಹೆಡ್‌ಮಾಸ್ತರರ ದನಿ. ಭೀಮರಾಯ ತಕ್ಷಣ ಗುರುತಿಸಿದ.

“ಇದು ಸಾಹೇಬ್ರ ದನಿ ಅದರಿ. ನಿಮ್ಮದು ಯಾವ್ದು? ಅದರಾಗ ಹೇಳ್ರಿ. ಇಲ್ಲಿ ಬ್ಯಾಡ. ನಕ್ಕಿದ್ದು ಎಲ್ಲಿ, ಅಲ್ಲೇ ಹೇಳ್ರಿ.”

ಮರುದಿನ ಅವನನ್ನು ತರಗತಿಗೆ ಕರೆದು, ಮಕ್ಕಳ ಮುಂದೆ ನಿಂತು, ಭೀಮರಾಯ ಅವರನ್ನು ಅಣಕಿಸಿದ್ದು ನನ್ನ ತಪ್ಪು ಎಂದೆ. ಮೊದಲು ಒಬ್ಬ ಕಿಸಕ್ಕೆಂದ, ಆಮೇಲೆ ಇಡೀ ತರಗತಿ. ನಾನು ಯಾರದೋ ಹೊಸ ದನಿ ತೆಗೆದಿದ್ದೇನೆ ಎಂದೇ ಅವರು ತಿಳಿದಿದ್ದರು. ಎಂಟು ತಿಂಗಳಲ್ಲಿ ನನ್ನ ಸ್ವಂತ ಮಾತನ್ನು ಅವರು ಕೇಳಿರಲಿಲ್ಲ. ಇನ್ನೊಮ್ಮೆ ಹೇಳಿದೆ, ಇನ್ನೂ ಜೋರಾಗಿ ನಕ್ಕರು.

“ನಗಬ್ಯಾಡ್ರೋ,” ಎಂದ ಭೀಮರಾಯ. “ಇದು ಯಾರ್ದೂ ದನಿ ಅಲ್ಲ, ಸರ್‌ದೇ ಅದ.”

ಅವನು ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಉಳಿದಿದ್ದ ದಿನಗಳು ಕಡಿಮೆ. ಫಲಿತಾಂಶ ಬಂದಾಗ ಇಂಗ್ಲಿಷಿಗೆ ಮೂವತ್ತೆರಡು, ಬೇಕಿದ್ದದ್ದು ಮೂವತ್ತೈದು. ತಪ್ಪಿಹೋದ ಆ ಹನ್ನೆರಡು ದಿನಗಳು ಮೂರು ಅಂಕಕ್ಕೆ ಸಾಕಾಗುತ್ತಿದ್ದವೋ ಇಲ್ಲವೋ ಎಂಬ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ. ಜೂನ್‌ನಲ್ಲಿ ಕ್ಲರ್ಕಿನ ಕುರ್ಚಿಗೆ ಬೇರೊಬ್ಬರು ಬಂದರು.

ನನ್ನ ಅವಧಿ ಮುಗಿದು ಸೇಡಂಗೆ ಹೋದೆ. ಭಾನುವಾರ ಭಾನುವಾರ ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರಕ್ಕೆ ಬಂದು ಭೀಮರಾಯ ಅವರಿಗೆ ಪಾಠ ಹೇಳಿದೆ, ಅಣಕಿಲ್ಲದೆ, ಬಹುವಚನದಲ್ಲಿ. ಅಕ್ಟೋಬರ್ ಪರೀಕ್ಷೆಯಲ್ಲಿ ನಲವತ್ತೊಂದು ಬಂತು. ಅಭಿನಂದಿಸಲು ಹೋದಾಗ ಅವರು ಅಂಕಪಟ್ಟಿಯನ್ನು ಟ್ರಂಕಿನಲ್ಲಿ ಇಡುತ್ತಿದ್ದರು. “ಜಾಗಾ ತುಂಬ್ಯಾದ್ರಿ ಸರ. ಇರ್ಲಿ, ಮಗಳಿಗಿ ತೋರಿಸೀನಿ,” ಎಂದರು.

ಶಿಕ್ಷಕನ ಕೆಲಸ ನನಗೆ ಕಲಿಸಿದ್ದು ಇದು: ನಾವು ಕಲಿಸಬೇಕೆಂದುಕೊಂಡದ್ದನ್ನೇ ಮಕ್ಕಳು ಕಲಿಯುತ್ತಾರೆಂಬ ಭರವಸೆಯಿಲ್ಲ. ಒಂದು ಸಣ್ಣ ಪದ ಮೂರು ಕಡೆ ನಿಂತು ಮೂರು ಕೆಲಸ ಮಾಡಬಲ್ಲದು ಎಂದು ಬಾಯಲ್ಲಿ ಹೇಳುತ್ತ, ಒಬ್ಬ ಮನುಷ್ಯನಿಗೆ ಒಂದೇ ಜಾಗ ಎಂದು ಮೈಯಲ್ಲಿ ಆಡಿ ತೋರಿಸಿದೆ. ಆ ಮಕ್ಕಳಲ್ಲಿ ಹೆಚ್ಚಿನವರು ಇಂದು ವ್ಯಾಕರಣ ಮರೆತಿದ್ದಾರೆ. ಆದರೆ ಹೋದ ತಿಂಗಳು ಚಿತ್ತಾಪುರದ ಬಜಾರಿನಲ್ಲಿ ಭೀಮರಾಯ ಅವರ ಮನೆ ಈಗ ಎಲ್ಲಿ ಎಂದು ಕೇಳಿದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ನನ್ನ ಗುರುತು ಅವನಿಗೆ ಹತ್ತಲಿಲ್ಲ. “ಯಾರು, ಪ್ರಿಪೋಸಿಷನ್ ಭೀಮರಾಯನಾ?” ಎಂದು ಕೇಳಿ, ದಾರಿ ತೋರಿಸಿದ.