ಜಮಖಾನೆಯ ಕೆಳಗಿನ ಬಹುವಚನಗಳು

ನಮ್ಮ ವಾಡಿಯ ಮನೆಯಲ್ಲಿ ಪಡಸಾಲೆ ದಾಟುವುದಕ್ಕೆ ಒಂದು ದಾರಿ ಇದೆ. ಅಡುಗೆಮನೆಯ ಬಾಗಿಲಿಂದ ಹೊರಟು ಎರಡು ಕಲ್ಲು ನೇರ ಬರಬೇಕು, ಅಲ್ಲಿಂದ ಬಲಕ್ಕೆ ಒಂದು ದೊಡ್ಡ ಹೆಜ್ಜೆ, ಆಮೇಲೆ ಎಡಕ್ಕೆ ತಿರುಗಿ ಗೋಡೆ ಹಿಡಿದು ಒಂದು ಕಲ್ಲು, ಕೊನೆಗೆ ಹೊಸ್ತಿಲ ಹತ್ತಿರ ಒಂದು ಜಿಗಿತ. ಸೀದಾ ನಡೆದರೆ ಅತ್ತೆಯ ಕೈಯಲ್ಲಿ ಬೈಸಿಕೊಳ್ಳಬೇಕು. ಇಷ್ಟಕ್ಕೆಲ್ಲ ಕಾರಣ ನಾನು. ಅದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಅದು ಸುಳ್ಳು. ‘ಡೇಟಾಸ್’ ಎಂದು ಬರೆದಾಗ ಮಾತ್ರ ಬರುತ್ತದೆ. ‘ಬ್ಯಾಕ್ಟೀರಿಯಾಸ್’ ಎಂದು ಬರೆದಾಗಲೂ ಬರುತ್ತದೆ. ಡೇಟಾ ಎನ್ನುವುದು ಆಗಲೇ ಬಹುವಚನ ಮಾರಾಯ್ರೇ, ಅದರ ಬಾಲಕ್ಕೆ ಇನ್ನೊಂದು ಎಸ್ ಯಾಕೆ ಕಟ್ಟುತ್ತೀರಿ ಎಂದು ನಾನು ಕೂಗಿದ್ದು ರೈಲ್ವೆ ಸ್ಟೇಶನ್ನಿನವರೆಗೂ ಕೇಳಿಸಿದೆಯಂತೆ.

ಹಾಗೆ ನೋಡಿದರೆ ನಮ್ಮವರೂ ಕಡಿಮೆಯಿಲ್ಲ. ತಹಶೀಲ ಕಚೇರಿಯಲ್ಲಿ ‘ಕಾಗಜಾತ್ ತರ್ರಿ’ ಎನ್ನುತ್ತಾರೆ. ಉರ್ದುವಿನಲ್ಲಿ ಅದು ಆಗಲೇ ಕಾಗದದ ಬಹುವಚನ. ನಾವು ಅದಕ್ಕೂ ‘ಗಳು’ ಹಚ್ಚಿ ‘ಕಾಗಜಾತ್‌ಗಳು’ ಮಾಡಿಕೊಂಡು ಆರಾಮಾಗಿದ್ದೇವೆ. ಆದರೆ ಪರೀಕ್ಷೆಯಲ್ಲಿ ಅಂಥ ಆರಾಮು ನಡೆಯುವುದಿಲ್ಲವಲ್ಲ. ಲ್ಯಾಟಿನ್ನಿನಿಂದ ಬಂದ ಪದಗಳು ಇಂಗ್ಲಿಷಿನಲ್ಲಿ ಒಂದೊಂದು ಒಂದೊಂದು ಥರ ನಡೆದುಕೊಳ್ಳುತ್ತವೆ. ರೇಡಿಯಸ್ ಹೋಗಿ ರೇಡಿಯೈ ಆಗುತ್ತದೆ. ಆಲ್ಬಮ್ ಮಾತ್ರ ತಕರಾರಿಲ್ಲದೆ ಎಸ್ ಹಚ್ಚಿಕೊಳ್ಳುತ್ತದೆ. ಸ್ಟೇಡಿಯಂ ಇದೆಯಲ್ಲ, ಅದು ಸ್ಟೇಡಿಯಮ್ಸ್ ಎಂದರೂ ಹೂಂ, ಸ್ಟೇಡಿಯಾ ಎಂದರೂ ಹೂಂ. ‘ಬೋನಸ್’ ಬರೆದ ದಿನ ಸಿಮೆಂಟ್ ಫ್ಯಾಕ್ಟರಿಯ ಕಾರ್ಮಿಕರೊಬ್ಬರ ಮಗಳು ಎದ್ದು ನಿಂತು ಕೇಳಿದಳು:

“ಮೇಡಂ, ಬೋನಸ್ ಬರೋದೇ ವರ್ಷಕ್ಕೊಮ್ಮಿ. ಅದಕ್ಕ ಬಹುವಚನ ಯಾಕ್ ಬೇಕ್ರಿ?”

ನಾನು ಬೋನಸ್ ಅಳಿಸಿ ಮುಂದಿನ ಪದ ಬರೆದೆ.

ಪಡಸಾಲೆಯಲ್ಲಿ ಹಲಗೆ ಇಲ್ಲ. ನಮ್ಮ ಕಡೆ ಅದರ ಅಗತ್ಯವೂ ಇಲ್ಲ. ನೆಲಕ್ಕೆಲ್ಲ ಶಹಾಬಾದಿ ಫರಸಿ ಹಾಸಿದೆ. ಕರೀ ಬೂದು ಬಣ್ಣದ ಆ ನುಣ್ಣನೆಯ ಕಲ್ಲಿನ ಮೇಲೆ ಸೀಮೆಸುಣ್ಣ ಬರೆದಷ್ಟು ಚಂದ ಬೇರೆಲ್ಲೂ ಬರೆಯುವುದಿಲ್ಲ. ಒಂದು ಕಲ್ಲಿಗೆ ಒಂದು ಪದ, ಅದರ ಪಕ್ಕ ಅದರ ಬಹುವಚನ; ಮಕ್ಕಳು ಸುತ್ತ ಕೂತು ಕೂಗಿ ಕೂಗಿ ಓದುತ್ತಾರೆ. ತೊಂದರೆ ಎಂದರೆ ವಾಡಿಯ ಸಿಮೆಂಟ್ ಧೂಳು. ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಹಸಿ ಬಟ್ಟೆ ಹಿಡಿದು ನೆಲ ಒರೆಸುತ್ತಾರೆ. ಧೂಳಿನ ಜೊತೆ ನನ್ನ ಲ್ಯಾಟಿನ್ನೂ ಬಕೆಟ್ಟಿಗೆ ಹೋಗುತ್ತಿತ್ತು. ಸಂಜೆ ಮತ್ತೆ ಮೊದಲಿಂದ ಬರೆಯಬೇಕು.

ಒಮ್ಮೆ ಅತ್ತೆ ಹೊಸ್ತಿಲ ಮುಂದೆ ಆಯಿಲ್ ಪೇಂಟಿನಲ್ಲಿ ಕಾಯಂ ರಂಗೋಲಿ ಹಾಕಿಸಿದರು. ದಿನಾ ಹಾಕುವ ಕಷ್ಟ ತಪ್ಪಿತು ಎಂದು ಖುಷಿಪಟ್ಟು, ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಕುರಕುಂಟಾಕ್ಕೆ ಹೋದರು. ಡಬ್ಬಿಯಲ್ಲಿ ಬಿಳಿ ಬಣ್ಣ ಉಳಿದಿತ್ತು, ಬ್ರಷ್ಷೂ ಇತ್ತು. ಅವರಿಗೆ ಕಾಯಂ ರಂಗೋಲಿ ಆಗುವುದಾದರೆ ನನಗೆ ಕಾಯಂ ಬಹುವಚನ ಯಾಕಾಗಬಾರದು? ಅತ್ತೆ ವಾಪಸು ಬರುವ ಹೊತ್ತಿಗೆ ಕ್ಯಾಕ್ಟಸ್, ಫಂಗಸ್, ಸಿಲಬಸ್ ಎಲ್ಲ ತಮ್ಮ ತಮ್ಮ ಬಹುವಚನಗಳ ಸಮೇತ ಪಡಸಾಲೆಯ ಕಲ್ಲುಗಳ ಮೇಲೆ ಒಣಗಿ ಗಟ್ಟಿಯಾಗಿದ್ದವು.

ಅತ್ತೆ ಬಾಗಿಲಲ್ಲೇ ನಿಂತರು. ನೆಲ ಹಾಳಾಯಿತೆಂದು ಬೈಯುತ್ತಾರೆ ಎಂದು ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಕೇಳಿದ್ದೇ ಬೇರೆ.

“ಅಕ್ಷರ ಬರದೀಯಲ್ಲವಾ, ಇನ್ನ ಕಾಲ್ ಎಲ್ಲಿ ಇಡಬೇಕ ನಾವು?”

ಅದು ನನಗೆ ಹೊಳೆದೇ ಇರಲಿಲ್ಲ. ಸೀಮೆಸುಣ್ಣದ ಅಕ್ಷರವಾದರೆ ರಾತ್ರಿ ಕಳೆದರೆ ಹೋಗುತ್ತದೆ. ಇದು ಹೋಗುವ ಪೈಕಿ ಅಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮನೆ ನಮ್ಮದು. ಅಂದಿನಿಂದ ಅಪ್ಪಣೆಯಾಯಿತು: ಪದ ಇದ್ದ ಕಲ್ಲಿನ ಮೇಲೆ ಯಾರೂ ಕಾಲಿಡುವಂತಿಲ್ಲ, ಖಾಲಿ ಕಲ್ಲು ನೋಡಿ ಹೆಜ್ಜೆ ಹಾಕಬೇಕು. ಮೊದಮೊದಲು ನನ್ನ ಗಂಡ ಕುಂಟಾಬಿಲ್ಲೆ ಆಡುವ ಹುಡುಗಿಯ ಹಾಗೆ ಎಣಿಸಿಕೊಂಡು ದಾಟುತ್ತಿದ್ದರು. ಆಮೇಲೆ ಎಲ್ಲರಿಗೂ ರೂಢಿಯಾಯಿತು. ಕತ್ತಲಲ್ಲಿ ಕರೆಂಟು ಹೋದಾಗಲೂ ಯಾರ ಕಾಲೂ ತಪ್ಪುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ನಾದಿನಿಯ ವಿಷಯಕ್ಕೆ ಬರಬೇಕು. ಆಕೆ ಶಹಾಬಾದದ ಒಂದು ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುತ್ತಾಳೆ. ಸೂಕ್ಷ್ಮದರ್ಶಕದ ಮುಂದೆ ಕೂತರೆ ಊಟ ಮರೆಯುವ ಹುಡುಗಿ. ಎರಡು ಕಡೆಯ ಸಂಬಂಧ ಬಂದು ಮುರಿದಿದ್ದವು. ಎರಡೂ ಕಡೆ ಕಾರಣ ಒಂದೇ: ಮದುವೆಯ ನಂತರ ನೌಕರಿ ಬಿಡಬೇಕು ಎಂದರು, ಈಕೆ ಬಿಡುವುದಿಲ್ಲ ಎಂದಳು. ಈಗ ದಂಡೋತಿಯಿಂದ ಮೂರನೆಯದು ಬಂದಿತ್ತು. ಹುಡುಗ ಸರ್ವೇಯರು. ಫೋನಿನಲ್ಲಿ ಮಾತಾಡಿ ಆಕೆಗೆ ಹಿಡಿಸಿದ್ದ, ಭಾಳ ಹಿಡಿಸಿದ್ದ. ನೌಕರಿಗೆ ಅವನದೇನೂ ಅಡ್ಡಿಯಿಲ್ಲ. “ಆದ್ರ ಮನ್ಯಾಗ ಅವ್ವಂದೇ ಮಾತು” ಎಂದಿದ್ದನಂತೆ.

ಅತ್ತೆ ಮಗಳಿಗೆ ಕಟ್ಟಪ್ಪಣೆ ಮಾಡಿದರು.

“ನೋಡಲಿಕ್ಕ ಬಂದಾಗ ನೌಕರಿ ಸುದ್ದಿ ತಗೀಬ್ಯಾಡ. ಲಗ್ನ ಆದಮ್ಯಾಲ ಸಾವಕಾಶ ಹೇಳಿದ್ರಾತು.”

“ಆಮ್ಯಾಲ ಹೇಳೋದಂದ್ರ ಮೋಸ ಅಲ್ಲೇನವ್ವಾ?” ಎಂದಳು ನಾದಿನಿ. “ಹೋದ್ರ ನನ್ನ ಕೆಲ್ಸದ ಜೋಡಿನೇ ಹೋಗ್ತೀನಿ. ಇಲ್ಲಂದ್ರ ಇಲ್ಲ.”

ಹೇಳಿ ಅಡುಗೆಮನೆಗೆ ಹೋದವಳು ಸುಮ್ಮನೆ ಅತ್ತಳು. ನಾನು ಚಿಂಚೋಳಿಯ ತವರಿನಿಂದ ಬಂದವಳು. ಬಂದ ಹೊಸದರಲ್ಲಿ ನನ್ನ ತೆಲುಗು ಬೆರೆತ ಮಾತಿಗೆ ಈ ಮನೆಯಲ್ಲಿ ನಕ್ಕಿದ್ದರು, ಆದರೆ ನನ್ನ ನೌಕರಿಗೆ ಯಾರೂ ಕೈ ಹಚ್ಚಿರಲಿಲ್ಲ. ನನಗೆ ಸಿಕ್ಕದ್ದು ಈಕೆಗೆ ಯಾಕೆ ಸಿಗಬಾರದು ಎಂದು ಇಡೀ ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಬೀಗರಾಗುವವರು ಬರುವ ದಿನ ಅತ್ತೆಗೆ ನೆಲದ ಚಿಂತೆ ಹತ್ತಿತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಫಂಗಸ್ ಹೋಗಲಿಲ್ಲ. ಕೊನೆಗೆ ಟ್ರಂಕಿನಿಂದ ದೊಡ್ಡ ಜಮಖಾನೆ ತೆಗೆದು ಗೋಡೆಯಿಂದ ಗೋಡೆಗೆ ಹಾಸಿದರು. ಮುಚ್ಚಿದರೆ ಅಕ್ಷರ ಇಲ್ಲದ ಹಾಗೇ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು.

ಹುಡುಗ, ಅವನ ಅಪ್ಪ, ಅವನ ಅವ್ವ ಬಂದರು. “ಬರ್ರಿ, ಕುಂದ್ರಿ” ಎಂದದ್ದಾಯಿತು. ಮೂವರೂ ಜಮಖಾನೆಯ ಮೇಲೆ ಕೂತರು. ಹುಡುಗನ ಅವ್ವ ಗಟ್ಟಿ ಆಳು. ನೇರ ಬೆನ್ನು, ಸುತ್ತೆಲ್ಲ ತಿರುಗುವ ಕಣ್ಣು. ನನ್ನ ಗಂಡ ನೀರಿನ ತಂಬಿಗೆ ಹಿಡಿದು ಬಂದರು. ಎರಡು ಹೆಜ್ಜೆ ನೇರ, ಬಲಕ್ಕೊಂದು ದಾಪುಗಾಲು, ಎಡಕ್ಕೆ ತಿರುಗಿ ಗೋಡೆ. ಜಮಖಾನೆಯ ಕೆಳಗಿನ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ, ಆದರೆ ಕಾಲಿಗೆ ಗೊತ್ತಿತ್ತಲ್ಲ. ಅವರ ಹಿಂದೆ ಅತ್ತೆ ಚುರುಮುರಿ ಸುಸಲಾದ ತಾಟು ಹಿಡಿದು ಅದೇ ದಾರಿಯಲ್ಲಿ ಬಂದರು. ಅವರ ಹಿಂದೆ ನಾನು. ನಮ್ಮಲ್ಲಿ ಒಬ್ಬರಿಗೂ ಇದರ ಅರಿವಿಲ್ಲ.

ಹುಡುಗನ ಅವ್ವ ಮಾತ್ರ ನಮ್ಮ ಕಾಲುಗಳನ್ನೇ ನೋಡುತ್ತಿದ್ದರು. ಕೊನೆಗೆ ನಾದಿನಿ ಚಹಾದ ತಟ್ಟೆ ಹಿಡಿದು ಬಂದಳು. ಸೀರೆಯ ನಿರಿಗೆ ಬೇರೆ, ಬಲಕ್ಕೆ ದಾಪುಗಾಲು ಹಾಕುವಾಗ ಕಪ್ಪುಗಳು ಗಡಗಡ ಎಂದವು. ಹುಡುಗನ ಅವ್ವ ಗಂಡನ ಕಡೆ ವಾಲಿ, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

“ಇವ್ರ ಮನೆತನದಾಗೇ ಕಾಲಿಂದೇನೋ ಅದ ನೋಡ್ರಿ.”

ಅತ್ತೆಯ ಮುಖ ಸುಣ್ಣದಂತಾಯಿತು. ಆ ಹೆಂಗಸು ಇನ್ನು ತಡೆಯದೆ ನಾದಿನಿಗೇ ಹೇಳಿದರು.

“ತಪ್ಪ ತಿಳೀಬ್ಯಾಡವಾ. ಒಂದೀಟು ಆ ಬಾಗಿಲತನಕ ನಡದ ತೋರಿಸು. ಸೀದಾ ನಡಿ.”

ನಾದಿನಿ ನಿಂತೇ ಬಿಟ್ಟಳು. ಸೀದಾ ನಡೆಯಬೇಕೆಂದರೆ ಸಾಲಾಗಿ ಸ್ಟೇಡಿಯಂ, ಕ್ಯಾಕ್ಟಸ್, ರೇಡಿಯಸ್. ಅವುಗಳ ಮೇಲೆ ಕಾಲಿಟ್ಟರೆ ನಮ್ಮ ಅತ್ತೆ ಎದುರಿಗೇ ಕೂತಿದ್ದಾರೆ. ಇಡದಿದ್ದರೆ ದಂಡೋತಿಯಲ್ಲಿ ಕುಂಟಿ ಎನ್ನಿಸಿಕೊಳ್ಳಬೇಕು. ಮೂರನೆಯದೂ ಮುರಿಯಿತು, ಅದೂ ನನ್ನ ಪೇಂಟಿನಿಂದ ಎಂದು ನನಗೆ ಬೆವರು ಬಂತು.

ನಾದಿನಿ ಚಹಾದ ತಟ್ಟೆ ಕಿಟಕಿಯ ಮೇಲಿಟ್ಟಳು. “ಎಲ್ಲಾರೂ ಒಂದೀಟು ಏಳ್ರಿ” ಎಂದು ಜಮಖಾನೆಯ ಅಂಚು ಹಿಡಿದು ಸುತ್ತತೊಡಗಿದಳು.

ಅಕ್ಷರ ಕಂಡದ್ದೇ ತಡ, ಹುಡುಗನ ಅಪ್ಪ ಚೇಳು ಕಡಿದವರಂತೆ ಜಿಗಿದರು. “ಯಪ್ಪಾ! ವಿದ್ಯಾದ ಮ್ಯಾಲ ಕುಂತಿದ್ದೆವೇನು ಇಷ್ಟೊತ್ತು!” ಎಂದು ನೆಲ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರು ಕೂತದ್ದು ಫಂಗಸ್ ಮೇಲೆ; ಭಕ್ತಿಯಿಂದ ನಮಸ್ಕರಿಸಿದ್ದೂ ಅದಕ್ಕೇ. ಹುಡುಗ ನಗು ತಡೆಯಲಾರದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಕ್ಷಣದಲ್ಲಿ ಬಂದವರೂ ನಾವೂ ಒಬ್ಬೊಬ್ಬರು ಒಂದೊಂದು ಖಾಲಿ ಕಲ್ಲಿನ ಮೇಲೆ ಕಾಲು ಜೋಡಿಸಿ ನಿಂತಿದ್ದೆವು. ಉಳಿದ ಮಾತುಕತೆಯೆಲ್ಲ ಹಾಗೆ ನಿಂತೇ ನಡೆಯಿತು.

“ಏನ್ರಿ ಇದು, ಮಂತ್ರ ಏನು?” ಎಂದರು ಹುಡುಗನ ಅವ್ವ.

“ಇಂಗ್ಲಿಷ್ ಪದಾರಿ” ಎಂದೆ. “ಖರೇ ಅಂದ್ರ ಇಂಗ್ಲಿಷಿನ್ವು ಅಲ್ಲ. ಲ್ಯಾಟಿನ್ ಅಂತ ಇನ್ನೊಂದು ಮನಿ ಅದರಿ, ಅಲ್ಲಿಂದ ಬಂದಾವ. ಮಂದಿ ಹೆಚ್ಚಾದಾಗ ಹ್ಯಾಂಗ ಬರೀಬೇಕು ಅಂತ ಮಕ್ಕಳಿಗಿ ಕಲಸಲಿಕತ್ತೀನಿ.”

“ಬ್ಯಾರೆ ಮನ್ಯಾಂದ ಬಂದ್ವು ಅಂದ್ರ ಸೊಸ್ತೇರು ಇದ್ದಂಗ.”

“ಹೌದ್ರಿ. ಕೆಲವು ಗಂಡನ ಮನೀ ರೀತಿನೇ ಕಲತಾವ. ಈ ಆಲ್ಬಮ್ ನೋಡ್ರಿ, ಬಸ್ಸು ನೋಡ್ರಿ. ಬಸ್ಸು ಸುದ್ದಾ ಅಲ್ಲಿದೇರಿ, ಈಗ ಯಾರಿಗೂ ನೆಪ್ಪಿಲ್ಲ. ಕೆಲವು ಮಾತ್ರ ತವರಿನ ರೀತಿ ಬಿಟ್ಟೇ ಇಲ್ಲ.”

“ಬಿಡಲಿಲ್ಲಂದ್ರ ಇಂಗ್ಲಿಷ್ ಮಂದಿ ಸುಮ್ಮನಿದ್ರೇನು?”

“ಅವ್ರೇ ಕಲತ್ರು ನೋಡ್ರಿ. ಇವತ್ತಿಗೂ ಅವುಗಳ ರೀತಿಲೇ ಬರೀತಾರ.”

ನಾನು ಪಾಠವನ್ನಷ್ಟೇ ಹೇಳುತ್ತಿದ್ದೆ, ದೇವರಾಣೆ. ನಾದಿನಿಗೆ ಅಷ್ಟೇ ಸಾಕಾಯಿತು. ತನ್ನ ಕಲ್ಲಿನ ಮೇಲೆ ನೆಟ್ಟಗೆ ನಿಂತು ಹುಡುಗನ ಅವ್ವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

“ನನ್ನ ಕಾಲು ಚಂದ ಅವರಿ. ದಿನಾ ಅದೇ ಕಾಲಿಲೇ ಶಹಾಬಾದಕ್ಕ ಹೋಗ್ತೀನಿ. ನಿಮ್ಮ ಮನೀಗಿ ಬಂದ್ರೂ ಹೋಗಾಕಿನೇ. ಲ್ಯಾಬಿನ ಕೆಲ್ಸ ನಾ ಬಿಡಂಗಿಲ್ರಿ.”

ಅತ್ತೆ ಕಣ್ಣು ಮುಚ್ಚಿಕೊಂಡರು. ನನ್ನ ಗಂಡ ಕ್ಯಾಕ್ಟಸ್ ನೋಡುತ್ತ ನಿಂತರು. ಹೊರಗೆ ಗೂಡ್ಸ್ ಗಾಡಿಯೊಂದು ಹೋಗುತ್ತಲೇ ಇತ್ತು.

“ನಾ ಮುಧೋಳದಾಕಿ” ಎಂದರು ಹುಡುಗನ ಅವ್ವ, ಯಾರ ಕಡೆಗೂ ನೋಡದೆ. “ಬರಾಗ ಹೊಲಿಗಿ ಮಷೀನು ತಂದಿದ್ದೆ. ಛಲೋ ಹೊಲೀತಿದ್ದೆ. ನಮ್ಮತ್ತಿ ಅಟ್ಟದ ಮ್ಯಾಲ ಇಡಸಿದ್ರು. ಇನ್ನಾ ಅಲ್ಲೇ ಅದ.”

ಹುಡುಗನ ಅಪ್ಪ ತಲೆ ತಗ್ಗಿಸಿ ಮತ್ತೊಮ್ಮೆ ಫಂಗಸ್ಸನ್ನು ಓದತೊಡಗಿದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತೋ ಇಲ್ಲವೋ, ಆಗ ಮಾತ್ರ ಭಾಳ ಮನಸ್ಸಿಟ್ಟು ಓದಿದರು.

ಆಮೇಲೆ ಆ ಹೆಂಗಸು ಸೆರಗು ಸರಿಮಾಡಿಕೊಂಡು ನಾದಿನಿಯನ್ನು ಕೇಳಿದರು:

“ನಮ್ಮೂರಿಂದ ಶಹಾಬಾದದ ಬಸ್ಸು ಮುಂಜಾನಿ ಭಾಳ ಲಗೂ ಬರ್ತದ. ನಿನಗ ಲಗೂ ಏಳೋ ರೂಢಿ ಅದೇನು?”

ನಾದಿನಿ ತಲೆಯಾಡಿಸಿದಳು, ಆಡಿಸುತ್ತಲೇ ಇದ್ದಳು. ಹುಡುಗ ಕರವಸ್ತ್ರ ತೆಗೆದ. ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ.

“ಹಂಗಾರ ಏಳ್ತಾಳ, ಏಳ್ತಾಳ!” ಎಂದು ಕೂಗಿದವರು ಅತ್ತೆ. “ತಡೀರಿ, ನಿಂದರ್ರಿ, ಉಡಿ ತುಂಬತೀನಿ, ಹಂಗೇ ಹೋಗಬ್ಯಾಡ್ರಿ!” ಎನ್ನುತ್ತ ಅಕ್ಕಿ, ಕೊಬ್ಬರಿ, ಕುಂಕುಮ ತರಲು ಒಳಗೆ ಓಡಿದರು. ಬಲಕ್ಕೂ ತಿರುಗಲಿಲ್ಲ, ಎಡಕ್ಕೂ ತಿರುಗಲಿಲ್ಲ. ರೇಡಿಯಸ್ ಮೇಲೆ ಒಂದು ಕಾಲು, ಕ್ಯಾಕ್ಟಸ್ ಮೇಲೆ ಒಂದು ಕಾಲು, ಸ್ಟೇಡಿಯಂ ಮೇಲೆ ಎರಡೂ ಕಾಲು ಇಟ್ಟು ಸೀದಾ ಅಡುಗೆಮನೆಗೆ ಹೋದರು, ಉಡಿಯ ಸಾಮಾನು ಹಿಡಿದು ಸೀದಾ ಬಂದರು.

ನಾವ್ಯಾರೂ ಅವರಿಗೆ ಹೇಳಲಿಲ್ಲ.