ನಟ್ಟನಡುವಿನ ರವಾ

ಏ, ಕೇಳ್ರಿಲ್ಲೇ! ಕಟ್ಟಿ ಮ್ಯಾಲೆ ಕೂತಾವ್ರು, ನಳದ ಮುಂದ ನಿಂತಾವ್ರು, ಒಂದ್ ಗಳಿಗಿ ಇತ್ಲಾಗ ಬರ್ರಿ! ನಮ್ಮ ಪುಣೆದ ಮಾರ್ತಾಂಡ ಮಾಸ್ತರರ ಕಥಿ ಹೇಳ್ತೀನಿ. ಧಾರವಾಡ ಕಡೆಯಾವ್ರು, ಇಲ್ಲೆ ಕಾಲೇಜಿನ್ಯಾಗ ವಿಜ್ಞಾನ ಕಲಸ್ತಿದ್ರು. ಸಾವಿರದ ಒಂಬೈನೂರಾ ಇಪ್ಪತ್ತಾರನೇ ಇಸ್ವಿ ಮಾತು. ಹೆಂಡ್ತಿ ತೀರಿದ್ಲು, ಒಬ್ಬಾಕೇ ಮಗಳು, ಇಂದೂ. ಅಕಿನ್ನ ಲೋಣಾವಳಾಕ್ಕ ಕೊಟ್ಟಿದ್ರು. ಆ ವರ್ಷದ ಮಳಿಗಾಲದಾಗ ಅಕಿ ಅಲ್ಲೇ ತೀರಿಹೋಗಿಬಿಟ್ಲು. ಇದನ್ನ ಮೊದ್ಲೇ ಹೇಳಿಬಿಟ್ಟೆ, ಕಡೀಕ ಹೇಳ್ಲಿಕ್ಕೆ ಬಾಯಿ ಬರೂದಿಲ್ಲ.

ಈಗ ಹೇಳೂದು ಅದಕ್ಕಿಂತ ಮೊದಲಿನ ಒಂದ್ ದಿನದ್ದು.

ಇಂದೂ ಗಂಡನ ಹೊಡತಾ ತಾಳಲಾರದ ಅಪ್ಪನ ಮನೀಗೆ ಓಡಿ ಬಂದಿದ್ಲು. ಬಂದಾಕಿ ಸುಮ್ನ ಕೂತಿದ್ಲೇನು? ಅಪ್ಪನ ಪಾಠಕ್ಕಂತ ರವಾ ಸಾಣಿಸಿ, ಅರಿವ್ಯಾಗ ಗಂಟು ಕಟ್ಟಿಟ್ಲು. ಸಣ್ಣಾಕಿದ್ದಾಗಿಂದ ಅದು ಅಕೀದೇ ಕೆಲಸ. ಮಾಸ್ತರು ಚಾಷ್ಟಿ ಮಾಡ್ತಿದ್ರು: "ಊರಾಗೆಲ್ಲಾರೂ ರವಾದ್ದು ಉಪ್ಪಿಟ್ಟು ಮಾಡ್ತಾರ, ನಮ್ಮ ಮನ್ಯಾಗ ಕರೆಂಟು ಮಾಡ್ತೀವಿ!"

ಮುಂಜಾನೆ ಅಳಿಯ ಕೃಷ್ಣಾಜಿ ಬಂದಾ. ಕಾಲಿಗೆ ಬಿದ್ದಾ. "ಮಾವಾರ, ತಪ್ಪಾತ್ರಿ, ಕಳಸ್ರಿ. ಬಾ ಇಂದೂ, ಮನಿ ಭಣಭಣ ಅನ್ನಲಿಕ್ಕತ್ತದ."

ಮಾಸ್ತರು ಅವಗ ಬೈದ್ರು: "ಹೆಂಡ್ತಿ ಮ್ಯಾಲೆ ಕೈ ಎತ್ತತೀಯಲ್ಲೋ, ನಾಚಿಕಿ ಇಲ್ಲೇನು?" ತಿರುಗಿ ಮಗಳಿಗೆ: "ನೀನೂ ಅಷ್ಟೇ. ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಇಲ್ಲೆ ಎಷ್ಟ್ ದಿನಾ ಕೂಡ್ತಿ?" ಇಬ್ಬರಿಗೂ ಸರಿಸಮ ಬೈದೆ, ನಾ ಯಾರ ಕಡೀಗೂ ಇಲ್ಲ ಅಂತ ಸಮಾಧಾನ ಮಾಡ್ಕೊಂಡು, ರವಾದ ಗಂಟು ಹಿಡದು ಕಾಲೇಜಿಗೆ ನಡದ್ರು. ಇಂದೂ ಬಾಗಲದಾಗ ನಿಂತು ಅವರ ಮಾರಿ ನೋಡಿದ್ಲು.

ಅವತ್ತು ಡೈಪೋಲಿನ, ಅಂದ್ರ ಜೋಡಿ ಚಾರ್ಜಿನ, ಪಾಠ. ಗಾಜಿನ ತಾಟಿನ್ಯಾಗ ಔಡಲೆಣ್ಣಿ ಹಾಕಿ, ಮ್ಯಾಲೆ ರವಾ ಉದುರಿಸಿ, ಎರಡು ಹಿತ್ತಾಳಿ ಗುಂಡು ಇಟ್ರು. ಒಂದಕ್ಕ ಧನ ಚಾರ್ಜು, ಇನ್ನೊಂದಕ್ಕ ಅಷ್ಟೇ ಋಣ. ಚಾರ್ಜು ಹುಟ್ಟಿಸೂ ಯಂತ್ರದ ಹಿಡಿಕಿ ತಿರುವಿದ ಕೂಡಲೇ ರವಾ ಅಲುಗಾಡಿ, ಕ್ಷೇತ್ರದ ಗೆರಿ ಗೆರಿ ಸಾಲು ಹಿಡೀತು.

"ನಟ್ಟನಡುವ ಪೊಟೆನ್ಶಿಯಲ್, ಅಂದ್ರ ವಿದ್ಯುತ್ತಿನ ಮಟ್ಟ, ಎಷ್ಟು?" ಅಂತ ಕೇಳಿದ್ರು ಮಾಸ್ತರು.

"ಸೊನ್ನಿ ಸರ್," ಅಂದಾ ಭುಜಂಗ ಅನ್ನೋ ಹುಡುಗ. "ಇದರ ಧನ, ಅದರ ಋಣ, ಕೂಡಿದ್ರ ಸೊನ್ನಿ. ಅಂದಮ್ಯಾಲೆ ಅಲ್ಲೆ ಎಳತಾನೂ ಸೊನ್ನಿ. ಕಾಲು ಚಾಚಿ ಮಲಗಬಹುದು!"

ಎಲ್ಲಾರೂ ನಕ್ರು. ಮಾಸ್ತರೂ ನಕ್ರು. "ಅಲ್ಲೇ ಮುಗ್ಗರಸ್ತಿ ನೋಡು. ಪೊಟೆನ್ಶಿಯಲ್ ಸೊನ್ನಿ, ಎಳತಾ ಸೊನ್ನಿ ಅಲ್ಲೋ. ನಡುವ ಒಂದು ಸಣ್ಣ ಧನ ಚಾರ್ಜು ಇಡು. ಈ ಗುಂಡು ಅದನ್ನ ಅತ್ಲಾಗ ದಬ್ಬತದ. ಆ ಗುಂಡು ತನ್ನ ಕಡೆ ಜಗ್ಗತದ. ಒಂದು ದಬ್ಬೂದು, ಒಂದು ಜಗ್ಗೂದು, ಎರಡೂ ಒಂದೇ ದಿಕ್ಕಿಗೆ..."

ಹೇಳಕೋತ ಹೇಳಕೋತ ಮಾಸ್ತರರಿಗೆ ಮುಂಜಾನೆ ಬಾಗಲದಾಗ ನಿಂತ ಮಗಳು ನೆನಪಾದ್ಲು. ತಾಟಿನ ನಡುವ ಇಂದೂ ಸಾಣಿಸಿದ ರವಾ, ಒಂದೂ ತಪ್ಪದ, ಒಂದೇ ಗೆರಿ ಹಿಡದು ಮಲಗಿತ್ತು.

ಪಾಠ ಅಲ್ಲೇ ಬಿಟ್ಟು, ಟಾಂಗಾ ಹಿಡದು ಮನೀಗೆ ಬಂದ್ರ ಬಾಗಲಕ್ಕ ಕೀಲಿ. ಅಲ್ಲಿಂದ ಸ್ಟೇಶನ್ನಿಗೆ. ಗಾಡಿ ಬಿಡ್ಲಿಕ್ಕತ್ತಿತ್ತು. ಕಿಡಕ್ಯಾಗ ಇಂದೂ.

"ಇಳಿ ಇಂದೂ, ಇಳಿಯವಾ! ಮನೀಗೆ ಹೋಗೋಣು!"

"ಈಗ್ಯಾಕ್ರಿ ಅಪ್ಪಾ?" ಅಕಿ ಧ್ವನಿ ಏರಸಲಿಲ್ಲ. "ಮುಂಜಾನೆ ನಿಮ್ಮ ಮಾರೀನೇ ನೋಡಕೋತ ನಿಂತಿದ್ನಲ್ರಿ. ಇರು ಅಂತ ಒಂದ್ ಮಾತು ಬರ್ತದೇನಂತ."

ಮಾಸ್ತರು ಗಾಡಿ ಜೋಡಿ ಓಡಿದ್ರು, ಕಿಡಕಿ ಸರಳು ಹಿಡದ್ರು. ಕೈಯಾಗ ಇನ್ನೂ ಔಡಲೆಣ್ಣಿ. ಜಾರಿತು.

ಗಾಡಿ ಹೋತು. ಮಾಸ್ತರು ಧೋತರಕ್ಕ ಕೈ ವರಸಿಕೊಂಡು, ತಿಕೀಟಿನ ಕಿಡಕೀಗೆ ಹೋಗಿ, ಮುಂದಿನ ಗಾಡೀಗೆ ಲೋಣಾವಳಾಕ್ಕ ಹೋಗೂದು ಒಂದು, ಬರೂದು ಎರಡು ತಿಕೀಟು ಕೇಳಿದ್ರು.